ನಾವು ಹಾಕದಿದ್ದರೂ ಬದುಕಿದವು

ಅಪ್ಪಾಜಿ,

ಇವತ್ತು ಲ್ಯಾಬಿನಲ್ಲಿ ಒಂದು ಕೆಲಸ ಕೆಟ್ಟಿತು. ಹೇಳಿಕೊಳ್ಳೋಣ ಅಂದಾಗ ನೀವೇ ನೆನಪಾದಿರಿ.

ಶೋಳಿಂಗನಲ್ಲೂರಿನ ನಮ್ಮ ಲ್ಯಾಬಿನಲ್ಲಿ ಕೊಳಚೆ ನೀರಿನ ಎಣ್ಣೆ ತಿನ್ನೋ ಬ್ಯಾಕ್ಟೀರಿಯಾ ತಯಾರಿಸ್ತೀವಿ. ಅವು ಹೊರಗೆ ಹೋಗಿ ಹಬ್ಬಬಾರದು ಅಂತ ಅವುಗಳ ಜೀನಿನಲ್ಲೇ ಒಂದು ಸ್ವಿಚ್ ಇಟ್ಟಿರ್ತೀವಿ. ನಾವು ಬೆರೆಸೋ ಒಂದು ಪದಾರ್ಥ ಸಿಗೋವರೆಗೆ ಬದುಕಿರ್ತವೆ. ಅದು ನಿಂತರೆ ಒಳಗಿನ ವಿಷವೇ ಅವನ್ನು ಕೊಲ್ಲುತ್ತೆ. ಆ ಪದಾರ್ಥ ಹಾಕದ ತಟ್ಟೆ ಇವತ್ತು ಖಾಲಿ ಇರಬೇಕಿತ್ತು. ಮುಚ್ಚಳ ತೆಗೆದರೆ ಸಾಸಿವೆ ಕಾಳಿನಂಥ ಬಿಳಿ ಚುಕ್ಕೆಗಳು. ಸ್ವಿಚ್ ಕೆಡಿಸಿಕೊಂಡು ಬದುಕಿದ್ದವು.

ನಾನು ಸೆಲ್ವನ್ನ ಮದುವೆಯಾಗಿ ಹೊರಟಾಗ ನೀವು, "ಈ ಮನಿ ಅನ್ನ ಬಿಟ್ಟು ಹೆಂಗ ಬದುಕ್ತಿ, ನೋಡ್ತೀನಿ" ಅಂದಿದ್ದಿರಿ. ಬದುಕಿದೆ ಅಪ್ಪಾಜಿ. ನೋಡ್ತೀನಿ ಅಂದವರು ನೋಡೋಕೆ ಬರಲೇ ಇಲ್ಲ. ಒಂದೇ ಊರಲ್ಲಿ, ವೇಲಚೇರಿಯ ನಿಮ್ಮ ಮನೆಯಿಂದ ಕೀಲ್ಪಾಕಿನ ನನ್ನ ಮನೆಗೆ ಏನು ಮಹಾ ದೂರ? ತೋರಿಸೋಕೆ ನಾನೂ ಬರಲಿಲ್ಲ.

"ಪರೀಕ್ಷೆಗೆ ಬೇಕಾದಷ್ಟು ತೆಗೆದಿಟ್ಟು ಉಳಿದದ್ದು ಒಂದೂ ಇರಬಾರದು" ಅಂದರು ನಮ್ಮ ಲ್ಯಾಬಿನ ಮುಖ್ಯಸ್ಥರು, ಇಳಂಗೋ ಸರ್. ಅವರು ಹೇಳಿದ್ದು ಸರಿಯೇ. ಕುಕ್ಕರಿನಂಥ ಆಟೋಕ್ಲೇವಿಗೆ ಹಾಕಿ ಹಬೆಯಲ್ಲಿ ಕೊಂದೆ. ಆಮೇಲೆ ಕೈ ತೊಳೀತಾ ಬಹಳ ಹೊತ್ತು ನಲ್ಲಿ ಮುಂದೇ ನಿಂತಿದ್ದೆ.

ನಿಮ್ಮನ್ನು ಮಣ್ಣು ಮಾಡಿದ ಮೇಲೆ ಅವ್ವ ನನ್ನನ್ನು ಒಳಗೆ ಕರೆದು ಊಟಕ್ಕೆ ಕೂಡಿಸಿದಳು. ನೀವು ಕೂಡುತ್ತಿದ್ದ ಜಾಗದ ಪಕ್ಕದಲ್ಲೇ. ಅದೇ ಮನೆ, ಅದೇ ಅನ್ನ.

ಒಂದು ತುತ್ತೂ ಗಂಟಲಲ್ಲಿ ಇಳೀಲಿಲ್ಲ.

ಭವಾನಿ