ಮೂರನೆಯ ತೊಟ್ಟಿ

ಅಪ್ಪ,

ನೀವು ಸಾಕುತ್ತಿದ್ದ ಮೀನುಗಳಲ್ಲಿ ಮೂರನೆಯ ತೊಟ್ಟಿಯವಕ್ಕೆ ರೋಗ ಬಂದಿದೆ. ಮೈಮೇಲೆಲ್ಲ ಹತ್ತಿಯಂಥ ಬಿಳಿ ಬೂಷ್ಟು ಹಿಡಿದಿದೆ. ಬೆಳಿಗ್ಗೆ ಮೀನಿನ ಡಾಕ್ಟರು ಬಂದು, "ದಿನಾ ಬಲೆ ಹಾಕಿ ಎತ್ತಿ ನೋಡ್ತಿದ್ರಾ?" ಎಂದು ಕೇಳಿದರು. ಹೌದು, ಎಲ್ಲಿ ರೋಗ ಬಂದುಬಿಡುತ್ತದೋ ಎಂಬ ಭಯಕ್ಕೆ ದಿನಕ್ಕೆರಡು ಸಲ ನೋಡುತ್ತಿದ್ದೆ.

"ಹೆದರಿದ ಮೀನಿನ ಮೈಯಲ್ಲಿ ಒಂದು ಹಾರ್ಮೋನು ಏರುತ್ತಮ್ಮ. ಅದು ಇಳೀದೇ ಇದ್ರೆ ರೋಗ ತಡೆಯೋ ಶಕ್ತಿನೇ ಕುಗ್ಗಿಹೋಗುತ್ತೆ. ಹತ್ತು ದಿನ ಮುಟ್ಟೋದೂ ಬೇಡ, ಇಣುಕೋದೂ ಬೇಡ."

ಔಷಧಿ ಹಾಕಿ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿದ್ದೇನೆ. ಒಳಗೆ ಸದ್ದೇ ಇಲ್ಲ. ಅದರ ಅಂಚು ಹಿಡಿದು ಪಕ್ಕದಲ್ಲೇ ಕುಳಿತಿದ್ದೇನೆ.

ನಿಮ್ಮ ಕೊನೆಯ ದಿನಗಳಲ್ಲಿ, ಆಸ್ಪತ್ರೆಯಲ್ಲಿ ನಿಮಗೆ ಕಣ್ಣು ಹತ್ತಿದಾಗಲೆಲ್ಲ ಭುಜ ಅಲುಗಿಸಿ, "ಅಪ್ಪಾ, ಇದ್ದೀರಾ?" ಎಂದು ಕೇಳುತ್ತಿದ್ದೆ. ಪ್ರತಿ ಸಲವೂ ನೀವು ಬೆಚ್ಚಿಬಿದ್ದು ಕಣ್ಣು ಬಿಡುತ್ತಿದ್ದಿರಿ.

ಬಟ್ಟೆಯ ಅಂಚು ಈಗಲೂ ನನ್ನ ಕೈಯಲ್ಲೇ ಇದೆ.