ಅರ್ಧ ಬಂದ ನಕ್ಷೆ

ಮಾರ್ಚ್ 3, ಸೋಮವಾರ

ಮತ್ತೆ ನಗರಸಭೆಯ ದಾಖಲೆ ವಿಭಾಗ. ಮತ್ತೆ ಅದೇ ಉತ್ತರ. "ಸರ್ವರ್ ಡೌನ್ ಇದೆ ಮೇಡಂ."

ವಿಭಾಗದ ಮುಖ್ಯಸ್ಥರಿಗೆ ಹೆತ್ತವರು ಇಟ್ಟ ಹೆಸರು ಏನೋ ಇದ್ದೀತು. ನನ್ನ ಪಾಲಿಗೆ ಅವರು ಸರ್ವರ್‌ಡೌನ್ ಸಾಹೇಬರು. ಇದೇ ಕುರ್ಚಿಯಲ್ಲಿ ಮೊದಲು ಕೂರುತ್ತಿದ್ದವರು "ಬೀಗದ ಕೈ ಇರೋರು ರಜೆ" ಎನ್ನುತ್ತಿದ್ದರು. ಅವರಿಗೂ ಹಿಂದಿನವರು "ಕಡತ ಗೆದ್ದಲು ತಿಂದಿದೆ" ಎಂದು ಕೈ ಮುಗಿಯುತ್ತಿದ್ದರು. ಆಡಳಿತ ಮುಂದುವರಿದಿದೆ, ಒಪ್ಪಿದೆ. ನೆಪ ಗೆದ್ದಲಿನಿಂದ ಸರ್ವರಿನವರೆಗೆ ಬಂದಿದೆ.

ನನಗೆ ಬೇಕಾದದ್ದು ಒಂದೇ ಒಂದು ನಕ್ಷೆ. ಹಿತ್ತಲ ಓಣಿಯ ಬಾಯಿಗೆ ಗೋದಾಮಿನವನು ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದಿದ್ದಾನೆ. "ಖಾಸಗಿ ಜಾಗ" ಎಂಬ ಬೋರ್ಡು ಬೇರೆ. ಅದು ಎಲ್ಲರ ದಾರಿ. ಹಳೆಯ ಸರ್ವೆ ನಕ್ಷೆಯಲ್ಲಿ ಹಾಗೆಂದು ಬರೆದಿದೆ, ಕಣ್ಣಾರೆ ಕಂಡಿದ್ದೇನೆ. ಆಯುಕ್ತರ ಮುಂದೆ ವಿಚಾರಣೆ ಹತ್ತೊಂಬತ್ತಕ್ಕೆ. ನಕ್ಷೆ ಸಿಗದಿದ್ದರೆ ನನ್ನದು ಬರೀ ಬಾಯಿಮಾತು.

ತಂಗಿಯ ಮೂರು ಚಕ್ರದ ಸ್ಕೂಟರು ಹಿತ್ತಲಲ್ಲೇ ಸಿಕ್ಕಿಬಿದ್ದಿದೆ. ಅವಳ ಹೊಲಿಗೆ ಅಂಗಡಿ ಓಣಿ ದಾಟಿ ಆಚೆ. ಮುಂಬಾಗಿಲಿಗೆ ಬರೀ ಮೆಟ್ಟಿಲು, ಗಾಡಿ ಇಳಿಯುವುದಿಲ್ಲ. ಹುಟ್ಟಿನಿಂದಲೂ ಅವಳ ಎಡಗಾಲಿಗೆ ಬಲವಿಲ್ಲ. ಗಾಡಿಯಿದ್ದರೆ ಯಾರ ಹಂಗೂ ಇಲ್ಲದೆ ಓಡಾಡುವವಳು ಈಗ ಕೋಲೂರಿ, ಕಂಬಿ ಹಿಡಿದು, ಇಳಿದು ಹತ್ತಿ... ಪಕ್ಕದ ಮನೆಯವರು ಪಾಪ, ಎತ್ತಿ ಇಳಿಸಲು ಬಂದರು. ಉರಿದುಬಿದ್ದಳು.

"ನಾನೇನು ಫ್ರಿಜ್ಜಾ, ಇಬ್ಬರು ಹಿಡ್ಕೊಂಡು ಇಳಿಸೋಕೆ?"

ಮಾರ್ಚ್ 5, ಬುಧವಾರ

ಸರ್ವರ್ ಎದ್ದಿತು! ನಕ್ಷೆ ಬಂತು — ಅರ್ಧ.

ಪರದೆಯ ಮೇಲ್ಭಾಗದಲ್ಲಿ ಎಲ್ಲ ಸರಿಯಾಗಿದೆ. ದೊಡ್ಡ ರಸ್ತೆ, ಶಾಲೆ, ಶಾಲೆಯ ಬಾವಿ. ಬಾವಿಯಿಂದ ಸ್ವಲ್ಪ ಕೆಳಗೆ ಬಂದರೆ ಬೂದು ಬಣ್ಣ. ಗೋಡೆಗೆ ಸುಣ್ಣ ಬಳಿಯುವವನು ಊಟಕ್ಕೆ ಎದ್ದು ಹೋದ ಹಾಗೆ. ನಮ್ಮ ಓಣಿ ಇರಬೇಕಾದದ್ದು ಆ ಬೂದು ಭಾಗದಲ್ಲಿ.

"ಬಂದಿದೆಯಲ್ಲ ಮೇಡಂ."

"ಅರ್ಧ ಬಂದಿದೆ."

"ನೆಟ್ ಸ್ಲೋ ಇರುತ್ತೆ. ನಿಧಾನಕ್ಕೆ ಬರುತ್ತೆ."

ಕಾದೆ. ಪಕ್ಕದಲ್ಲಿದ್ದವರೊಬ್ಬರ ಜನನ ಪ್ರಮಾಣಪತ್ರ ಬಂತು, ಇನ್ನೊಬ್ಬರ ಮನೆ ಪ್ಲಾನು ಅರ್ಧ ಬಂತು. ಅವರು ಅದನ್ನೇ ಮುದ್ರಿಸಿಕೊಂಡು ಹೋದರು! ಕೊಟ್ಟಷ್ಟು ಪ್ರಸಾದ ಎಂದು ಕಣ್ಣಿಗೊತ್ತಿಕೊಳ್ಳುವ ಈ ಸ್ವಭಾವವೇ ನಮ್ಮನ್ನು ಇಲ್ಲಿಗೆ ತಂದು ನಿಲ್ಲಿಸಿರುವುದು.

ಮೂಲ ಕಾಗದ ತೋರಿಸಿ ಎಂದೆ. "ಸ್ಕ್ಯಾನ್ ಆದ್ಮೇಲೆ ಎಲ್ಲ ವಿಲೇವಾರಿ ಆಯ್ತಲ್ಲ ಮೇಡಂ. ಆದೇಶ ಇತ್ತು."

ವಿಲೇವಾರಿ. ಗ್ರಂಥಾಲಯಗಳಿಗೆ ಬೆಂಕಿಯಿಟ್ಟ ದಂಡಯಾತ್ರೆಗಳ ಕಥೆ ಬೇಕಾದಷ್ಟು ಓದಿದ್ದೇನೆ. ಅವರಾದರೂ ದ್ವೇಷದಿಂದ ಸುಟ್ಟರು. ಇವರು ಟೆಂಡರು ಕರೆದು ರದ್ದಿಗೆ ಹಾಕಿದ್ದಾರೆ.

ಮಾರ್ಚ್ 7, ಶುಕ್ರವಾರ

ಸಾಹೇಬರ ಮೇಜಿನ ಮುಂದೆ ಜಗ್ಗದೆ ಕೂತೆ. ಪೀಡೆ ತೊಲಗಲಿ ಎಂದು ಒಳಗಿನ ಕೋಣೆಗೆ ಸಾಗಹಾಕಿದರು. ಅಲ್ಲಿ ಡೇಟಾಬೇಸ್ ನೋಡಿಕೊಳ್ಳುವವಳು. ಕೆಲಸಕ್ಕೆ ಸೇರಿ ಇನ್ನೂ ಹೊಸತು. ಕಣ್ಣಿಗೊಂದು ಕನ್ನಡಕ, ತಲೆಯ ಮೇಲೊಂದು. ನನಗೆ ಅವಳು ಎರಡು ಕನ್ನಡಕ.

"ಬನ್ನಿ ಆಂಟಿ, ಕೂತ್ಕೊಳ್ಳಿ."

"ಆಂಟಿ ಅಲ್ಲ. ಕಾಲೇಜು ಗ್ರಂಥಪಾಲಕಿ, ನಿವೃತ್ತ."

"ಸರಿ, ಗ್ರಂಥಪಾಲಕಿ ಆಂಟಿ."

ನಗು ಬಂತು. ತೋರಿಸಿಕೊಳ್ಳಲಿಲ್ಲ.

ಇವರ ವ್ಯವಸ್ಥೆ ಹೀಗಂತೆ: ಸ್ಕ್ಯಾನ್ ಮಾಡಿದ ಚಿತ್ರವನ್ನು ಬೇರೆ ಫೋಲ್ಡರಿನಲ್ಲಿ ಇಡದೆ, ಡೇಟಾಬೇಸಿನ ಟೇಬಲ್ಲಿನ ಒಳಗೇ ಇಟ್ಟಿದ್ದಾರೆ. ಒಂದು ಸಾಲಿನಲ್ಲಿ ದಾಖಲೆಯ ಸಂಖ್ಯೆ, ಶೀರ್ಷಿಕೆ, ದಿನಾಂಕ. ಅದೇ ಸಾಲಿನ ಕೊನೆಯ ಮನೆಯಲ್ಲಿ ಚಿತ್ರವೇ.

"ಅಂದ್ರೆ ಕ್ಯಾಟಲಾಗ್ ಕಾರ್ಡಿನ ಡ್ರಾಯರಿಗೇ ಪುಸ್ತಕ ತುರುಕಿದೀರಿ," ಎಂದೆ. "ಕಾರ್ಡಿನಲ್ಲಿ ಕಪಾಟಿನ ನಂಬರ್ ಬರೀಬೇಕು, ಪುಸ್ತಕ ಕಪಾಟಿನಲ್ಲಿ ಇರಬೇಕು."

"ಯಾರೋ ಕಪಾಟಿಂದ ಪುಸ್ತಕ ಎತ್ತಿ ಬೇರೆ ಕಡೆ ಇಟ್ರೆ? ಕಾರ್ಡ್ ಸುಳ್ಳು ಹೇಳುತ್ತೆ. ಹೀಗಿಟ್ರೆ ಎರಡೂ ಒಟ್ಟಿಗೆ ಇರುತ್ತೆ, ಬ್ಯಾಕಪ್ಪೂ ಒಟ್ಟಿಗೆ ಆಗುತ್ತೆ. ಡ್ರಾಯರ್ ಊದ್ಕೊಳ್ಳುತ್ತೆ, ಅದು ನಿಜ."

ಸುಳ್ಳು ಹೇಳುವ ಕಾರ್ಡುಗಳನ್ನು ನನ್ನಷ್ಟು ಕಂಡವರು ಯಾರು?

ಟೇಬಲ್ ತೆರೆದು ತೋರಿಸಿದಳು. ಪ್ರತಿ ಚಿತ್ರದ ಗಾತ್ರವೂ ಪಕ್ಕದಲ್ಲಿ ಬರುವಂತೆ ಮಾಡಿದಳು, ಬೈಟುಗಳಲ್ಲಿ. ಮೇಲಿಂದ ಕೆಳಗೆ ಓದುತ್ತಾ ಹೋದೆ. ಚಿಕ್ಕವು ಒಂದೊಂದು ಒಂದೊಂದು ಥರ. ದೊಡ್ಡವು ಮಾತ್ರ ಎಲ್ಲ ಒಂದೇ. 65535. ಮತ್ತೆ 65535. ಪರದೆ ಜಾರಿಸಿದಷ್ಟೂ 65535.

"ಏನಮ್ಮಾ, ಇಡೀ ಗ್ರಂಥಾಲಯದಲ್ಲಿ ದಪ್ಪ ಪುಸ್ತಕಗಳೆಲ್ಲ ಒಂದೇ ಪುಟಸಂಖ್ಯೆಗೆ ಮುಗಿಯುತ್ತಾ?"

ತಲೆಯ ಮೇಲಿದ್ದ ಕನ್ನಡಕವನ್ನು ಕೆಳಗಿಳಿಸಿಕೊಂಡಳು. ಮತ್ತೆ ಮೇಲಿಂದ ಕೆಳಗೆ ಓದಿದಳು. ಆಮೇಲೆ ಮೆಲ್ಲಗೆ, "ಅಯ್ಯೋ..."

ಮಾರ್ಚ್ 8, ಶನಿವಾರ

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಸಿಟ್ಟಿನಲ್ಲಿ ಮರೆತೇನು.

ಚಿತ್ರ ಇಡುವ ಆ ಕೊನೆಯ ಮನೆಗೆ ಬ್ಲಾಬ್ ಎಂದು ಹೆಸರು. ಅದರಲ್ಲಿ ಚಿಕ್ಕದು, ದೊಡ್ಡದು ಎಂದು ಬಗೆಗಳಿವೆ. ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿ ಚಿಕ್ಕದನ್ನು ಆರಿಸಿದೆ. 65535 ಬೈಟಿಗೆ ಅದು ಭರ್ತಿ. ದೊಡ್ಡ ಚಿತ್ರ ಬಂದರೆ ಹಿಡಿಸುವಷ್ಟು ಇಟ್ಟುಕೊಂಡು, ಉಳಿದದ್ದನ್ನು ಬಿಸಾಡಿ, "ಸೇವ್ ಆಯಿತು" ಎಂದು ಹಸಿರು ಅಕ್ಷರದಲ್ಲಿ ತೋರಿಸಿದೆ.

ತಕರಾರು ಮಾಡಬೇಕಿತ್ತಲ್ಲ? ಮಾಡುವ ವ್ಯವಸ್ಥೆ ಇತ್ತಂತೆ. "ಎರರ್ ಜಾಸ್ತಿ ಬರ್ತಿದೆ, ಕೆಲಸ ನಿಲ್ಲುತ್ತೆ" ಎಂದು ಯಾರೋ ಅದನ್ನು ಆಫ್ ಮಾಡಿದ್ದಾರೆ! ತಪ್ಪು ತೋರಿಸುವವನ ಬಾಯಿ ಮುಚ್ಚಿಸಿದರೆ ತಪ್ಪೇ ಇಲ್ಲವಾಯಿತು. ಈ ಪದ್ಧತಿ ಕಂಪ್ಯೂಟರಿಗಿಂತ ಬಹಳ ಹಳೆಯದು. ಚರಿತ್ರೆಯ ಯಾವ ಪುಸ್ತಕ ತೆರೆದರೂ ಸಿಗುತ್ತದೆ.

ಎರಡು ಕನ್ನಡಕ ನಿನ್ನೆಯೇ ಆ ಮನೆಯನ್ನು ದೊಡ್ಡ ಬಗೆಗೆ ಬದಲಿಸಿದ್ದಾಳೆ. ತಂಗಿಗೆ ಹೇಳಿದೆ. ಬಟ್ಟೆಗೆ ಗುರುತು ಹಾಕುತ್ತಿದ್ದವಳು ಸೀಮೆಸುಣ್ಣ ಕೆಳಗಿಟ್ಟಳು.

"ಬೀರು ದೊಡ್ಡದು ಮಾಡಿದ್ರೆ ಕತ್ತರಿಸಿದ ಲಂಗ ಉದ್ದ ಆಗುತ್ತೇನಕ್ಕಾ?"

ಆಗುವುದಿಲ್ಲ.

ಮಾರ್ಚ್ 12, ಬುಧವಾರ

ಬರೆಯಲು ಮನಸ್ಸಿರಲಿಲ್ಲ.

ಹಳೆಯ ಬ್ಯಾಕಪ್ಪುಗಳನ್ನೆಲ್ಲ ತೆಗೆದು ನೋಡಿದಳಂತೆ. ಬ್ಯಾಕಪ್ಪಿನಲ್ಲೂ ತುಂಡೇ. ತುಂಡನ್ನೇ ನಿಷ್ಠೆಯಿಂದ ನಕಲು ಮಾಡಿದ್ದಾರೆ. ಸ್ಕ್ಯಾನ್ ಮಾಡಿದ ಕಂಪನಿ ಬಾಗಿಲು ಹಾಕಿದೆ.

ತಂಗಿ ಇಂದು ಕೊನೆಯ ಮೆಟ್ಟಿಲಲ್ಲಿ ಜಾರಿದಳು. ಮೊಣಕೈ ತರಚಿದೆ. ಮುಲಾಮು ಹಚ್ಚುವಾಗ ಬೇರೆಲ್ಲೋ ನೋಡುತ್ತಾ ಹೇಳಿದಳು: "ದೊಡ್ಡ ರಸ್ತೇಲಿ ಒಂದು ರೆಡಿಮೇಡ್ ಅಂಗಡಿ ಇದೆ. ಆಲ್ಟರೇಶನ್‌ಗೆ ಆಳು ಬೇಕಂತೆ. ಬಾಗಿಲಿಗೇ ಆಟೋ ಬರುತ್ತೆ. ನನ್ನದು ಮುಚ್ಚಿಬಿಡ್ಲಾ ಅಂತ."

ತನ್ನ ಅಂಗಡಿಯ ಬೋರ್ಡನ್ನು ಅವಳೇ ಬರೆದದ್ದು. ಅಕ್ಷರ ಒಣಗುವವರೆಗೂ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಹತ್ತೊಂಬತ್ತರವರೆಗೆ ತಡಿ," ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ.

ಮಾರ್ಚ್ 13, ಗುರುವಾರ. ಸಂಜೆ

ಚಪ್ಪಲಿಯನ್ನೂ ಬಿಡದೆ ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟಗಾಗಲಿ, ಪರವಾಗಿಲ್ಲ.

ಮಧ್ಯಾಹ್ನ ಎರಡು ಕನ್ನಡಕದ ಫೋನು. "ಗ್ರಂಥಪಾಲಕಿ ಆಂಟಿ, ನಿಮ್ಮ ನಕ್ಷೆ ಸಂಖ್ಯೆಗೆ ಎರಡು ಸಾಲು ಇದೆ. ಒಂದಕ್ಕೆ 'ತಿರಸ್ಕೃತ' ಅಂತ ಗುರುತು ಹಾಕಿದ್ದಾರೆ. ಅದು ಕೌಂಟರಿನ ಪರದೆಗೆ ಬರಲ್ಲ. ಆದ್ರೆ ನಾವು ಯಾವುದನ್ನೂ ಅಳಿಸಲ್ಲ, ಗುರುತು ಹಾಕಿ ಮುಚ್ಚಿಡ್ತೀವಿ ಅಷ್ಟೆ. ಬೇಗ ಬನ್ನಿ."

ಹೋದೆ. ಅದೇ ನಕ್ಷೆ, ತಲೆಕೆಳಗಾಗಿ.

ಆಗ ನೆನಪಾಯಿತು. ಸ್ಕ್ಯಾನಿಂಗ್ ನಡೆದ ವರ್ಷ ಒಂದು ದಿನ ಸಾರ್ವಜನಿಕರನ್ನು ನೋಡಲು ಬಿಟ್ಟಿದ್ದರು. ಹೋಗಿದ್ದೆ — ಬಿಡುತ್ತೇನೆಯೇ? ನಮ್ಮ ಬಡಾವಣೆಯ ನಕ್ಷೆಯನ್ನು ಆಪರೇಟರ್ ಉಲ್ಟಾ ಇಟ್ಟು ಸ್ಕ್ಯಾನ್ ಒತ್ತಿದ. ಯಂತ್ರದ ಪರದೆಯ ಮೇಲೆ ಇಡೀ ಊರು ಕಾಲು ಮೇಲೆ ಮಾಡಿ ನಿಂತಿತು. "ನೋಡೋಕೆ ಬಂದೋರು ಶೀರ್ಷಾಸನ ಹಾಕ್ಬೇಕೇನಪ್ಪಾ?" ಎಂದು ಎಲ್ಲರ ಎದುರಿಗೆ ಕೇಳಿದೆ. ಗೊಣಗುತ್ತಾ ಸರಿಯಾಗಿಟ್ಟು ಮತ್ತೊಮ್ಮೆ ತೆಗೆದ. ಆ ಯಂತ್ರದ ಪರದೆಯಲ್ಲಿ ಎರಡೂ ಪೂರ್ತಿ ಇದ್ದವು. ಡೇಟಾಬೇಸಿಗೆ ಇಳಿಯುವಾಗ ಎರಡೂ ತುಂಡಾಗಿವೆ.

ಆದರೆ ಕತ್ತರಿ ಬೀಳುವುದು ಯಾವಾಗಲೂ ಚಿತ್ರದ ಕೆಳಗಿನ ಭಾಗಕ್ಕೆ. ಸರಿಯಾಗಿ ಇಟ್ಟದ್ದರಲ್ಲಿ ಊರಿನ ಮೇಲರ್ಧ ಉಳಿದಿದೆ. ತಲೆಕೆಳಗಾದದ್ದರಲ್ಲಿ ಉಳಿದಿರುವುದು ಕೆಳಗಿನರ್ಧ!

ಅವಳು ಚಿತ್ರವನ್ನು ತಿರುಗಿಸಿದಳು. ಶಾಲೆಯ ಬಾವಿ. ಬಾವಿಯ ಕೆಳಗೆ ನಮ್ಮ ಸಾಲುಮನೆಗಳು. ಹಿಂದೆ ಎರಡು ಗೆರೆ, ನಡುವೆ ಕೈಬರಹದಲ್ಲಿ, ಓರೆಯಾಗಿ — "ಸಾರ್ವಜನಿಕ ಓಣಿ". ಕೆಳಗೆ ಸರ್ವೆಯವರ ಸಹಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವಳ ಕಣ್ಣಲ್ಲಿ ನೀರಿತ್ತು. ಯಾವ ಕನ್ನಡಕ ಒರೆಸಬೇಕೆಂದು ತಿಳಿಯದೆ ಎರಡನ್ನೂ ಒರೆಸಿಕೊಂಡಳು.

ಮಾರ್ಚ್ 17, ಸೋಮವಾರ

ಸಾಹೇಬರು ಸಹಿ ಹಾಕುವುದಿಲ್ಲವಂತೆ.

"ತಿರಸ್ಕೃತ ಅಂತಿದೆ ಮೇಡಂ. ತಿರಸ್ಕೃತ ದಾಖಲೆಗೆ ನಾನು ಹೇಗೆ ದೃಢೀಕರಣ ಕೊಡ್ಲಿ? ಎರಡೂ ಜೋಡಿಸಿ ಒಂದು ಮಾಡಿದ್ರಂತೂ ತಿದ್ದುಪಡಿ ಆಗುತ್ತೆ. ನನ್ನ ಕುತ್ತಿಗೆಗೆ ಬರುತ್ತೆ."

"ಜೋಡಿಸೋದು ಬೇಡ. ಇದ್ದದ್ದು ಇದ್ದ ಹಾಗೇ ಎರಡು ಬೇರೆ ಬೇರೆ ನಕಲು ಕೊಡಿ. ತಿರಸ್ಕೃತ ಅಂತಲೂ ಅದರ ಮೇಲೇ ಬರೀರಿ. ಯಾಕೆ ತಿರಸ್ಕೃತ? ತಲೆಕೆಳಗಿತ್ತು ಅಂತ. ಓಣಿ ಸುಳ್ಳು ಅಂತ ಅಲ್ಲವಲ್ಲ?"

ಸಾಹೇಬರು ಫ್ಯಾನಿನ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಎರಡು ಕನ್ನಡಕ ಒಳಗೆ ಬಂದಳು.

"ಸರ್, ದೊಡ್ಡ ದಾಖಲೆಗಳೆಲ್ಲ ತುಂಡಾಗಿವೆ ಅಂತ ನಾಳೆ ಆಯುಕ್ತರಿಗೆ ವರದಿ ಕೊಡ್ಬೇಕು. ಆ ವರದೀಲಿ ಒಳ್ಳೇ ಸುದ್ದಿ ಅಂತ ಇರೋದು ಇದೊಂದೇ. ವಾಪಸ್ ಸಿಕ್ಕ ಮೊದಲನೇ ನಕ್ಷೆ. ನಿಮ್ಮ ಸಹಿ ಇದ್ರೆ ನೀವೇ ಹುಡುಕಿಸಿದ್ರಿ ಅಂತಾಗುತ್ತೆ."

ಹುಡುಗಿ ಜೀವನದಲ್ಲಿ ಮುಂದೆ ಬರುತ್ತಾಳೆ.

ಸಾಹೇಬರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಆಮೇಲೆ, ನನ್ನನ್ನು ನೋಡದೆಯೇ: "ಆ ಓಣೀಲೇ ನಮ್ಮ ಶಾಲೆಗೆ ಹೋಗ್ತಿದ್ವಿ ಮೇಡಂ. ಮಳೆ ಬಂದ್ರೆ ಒಂದು ಸೂರಿನ ಕೆಳಗೆ ನಿಲ್ತಿದ್ವಿ." ಎರಡಕ್ಕೂ ಸಹಿ, ಎರಡಕ್ಕೂ ಮೊಹರು.

ಇಷ್ಟು ದಿನ ಬಾಯಿಬಿಡಲಿಲ್ಲವಲ್ಲ, ಮಹಾನುಭಾವ!

ಮಾರ್ಚ್ 19, ಬುಧವಾರ

ವಿಚಾರಣೆ ಮುಗಿಯಿತು. ತಂಗಿಯೂ ಬಂದಿದ್ದಳು.

ಗೋದಾಮಿನವನ ವಕೀಲರು ಎದ್ದು, "ಇವು ಒಂದೇ ನಕ್ಷೆಯವು ಅನ್ನೋದಕ್ಕೆ ಏನು ಆಧಾರ? ಎರಡು ಚೂರು ತಂದಿದ್ದಾರೆ," ಎಂದರು. ಎರಡು ಕನ್ನಡಕ ಸಂಖ್ಯೆ, ದಿನಾಂಕ, ಯಂತ್ರ ಎಲ್ಲ ಒಂದೇ, ಸಮಯದಲ್ಲಿ ಕೆಲವೇ ನಿಮಿಷದ ಅಂತರ ಎಂದು ಟೇಬಲ್ಲಿನಿಂದ ತೆಗೆದು ತೋರಿಸಿದಳು. ಆಯುಕ್ತರು ತಲೆಯಾಡಿಸಿದರು, ಆದರೆ ಅರ್ಥವಾದಂತೆ ಕಾಣಲಿಲ್ಲ. ನಾನು ಎದ್ದು ಗ್ರಂಥಾಲಯದ ಉದಾಹರಣೆ ಶುರುಮಾಡಿದೆ. ಇನ್ನೂ ಪೀಠಿಕೆಯಲ್ಲೇ ಇದ್ದೆ, ತಂಗಿ ಸೆರಗು ಜಗ್ಗಿ ಕೂರಿಸಿದಳು.

"ಸರ್, ಆ ಎರಡು ಹಾಳೆ ಕೊಡ್ತೀರಾ?"

ಕೋಲೂರಿಕೊಂಡು ಕಿಟಕಿಗೆ ಹೋದಳು. ಗಾಜಿನ ಮೇಲೆ ಒಂದು ಹಾಳೆ ಹಿಡಿದಳು, ಅದರ ಮೇಲೆ ಇನ್ನೊಂದನ್ನು ತಿರುಗಿಸಿಟ್ಟು ಬೆರಳಲ್ಲಿ ಸರಿಸಿದಳು. ಹಿಂದಿನಿಂದ ಬಿಸಿಲು. ಎರಡರಲ್ಲೂ ಇರುವ ಪಟ್ಟಿ ಒಂದರ ಮೇಲೊಂದು ಕೂತಿತು.

"ಹೂವಿನ ಪ್ರಿಂಟ್ ಬಟ್ಟೆಗೆ ಜಾಯಿಂಟ್ ಕೊಡೋವಾಗ ಹೂವಿನ ಮೇಲೆ ಹೂವೇ ಕೂರ್ಬೇಕು ಸರ್. ಬೇರೆ ಥಾನಿನ ಬಟ್ಟೆ ಆದ್ರೆ ಎಷ್ಟು ಎಳೆದ್ರೂ ಕೂರಲ್ಲ. ಇಲ್ಲಿ ನೋಡಿ, ಬಾವಿ ಮೇಲೆ ಬಾವಿ ಕೂತಿದೆ. ಶಾಲೆ ಗೋಡೆ ಮೇಲೆ ಶಾಲೆ ಗೋಡೆ. ಕೆಳಗೆ ಬನ್ನಿ — ಇದು ನಮ್ಮ ಓಣಿ."

ಆಯುಕ್ತರು ಕುರ್ಚಿ ಬಿಟ್ಟು ಎದ್ದು ಬಂದರು. ಕಿಟಕಿಗೆ ಮೂಗು ತಾಗುವಷ್ಟು ಹತ್ತಿರ. ವಕೀಲರೂ ಬಂದರು. ಸ್ವಲ್ಪ ಹೊತ್ತಿನ ಮೇಲೆ ಗೋದಾಮಿನವನೇ ಬಂದು ಇಣುಕಿದ.

ಆದೇಶ ಕಾಯ್ದಿರಿಸಿದ್ದಾರೆ. ಹೊರಗೆ ಬಂದ ಮೇಲೆ ನಾನು, "ನನ್ನ ಉದಾಹರಣೆ ಇನ್ನೂ ಚೆನ್ನಾಗಿತ್ತು," ಎಂದೆ.

"ಇತ್ತು. ಸಂಜೆವರೆಗೂ ಇರ್ತಿತ್ತು," ಎಂದಳು.

ಮಾರ್ಚ್ 25, ಮಂಗಳವಾರ

ಆದೇಶ ಬಂತು. ಗೇಟು ತೆಗೆಯಬೇಕು, ಓಣಿ ಸಾರ್ವಜನಿಕ. ಮೂರು ಸಲ ಓದಿದೆ. ಕಾಗುಣಿತದ ತಪ್ಪುಗಳಿವೆ. ಇರಲಿ. ಜೀವಮಾನದಲ್ಲಿ ಮೊದಲ ಬಾರಿಗೆ ಕೆಂಪು ಪೆನ್ನು ಎತ್ತಿಕೊಳ್ಳಲಿಲ್ಲ.

ಇನ್ನೊಂದು ಸಂಗತಿ. ಯಾರ ಯಾರ ಮನೆಯಲ್ಲಿ ಹಳೆಯ ನಕಲುಗಳಿವೆಯೋ ಅವನ್ನೆಲ್ಲ ತರಿಸಿ, ತುಂಡಾದ ದಾಖಲೆಗಳನ್ನು ಮತ್ತೆ ತುಂಬಲು ನಗರಸಭೆ ಒಪ್ಪಿದೆ. ವಾರಕ್ಕೆ ಎರಡು ದಿನ ಬಂದು ಸಹಾಯ ಮಾಡುವಿರಾ ಎಂದು ಎರಡು ಕನ್ನಡಕ ಕೇಳಿದಳು. ಈ ಸಲ ಚಿತ್ರ ಒಳಗೆ ಹೋಗುವಾಗಲೇ ಅದರ ಗಾತ್ರ, ಜೊತೆಗೆ ಚೆಕ್‌ಸಮ್ ಎಂಬ ಒಂದು ಗುರುತನ್ನು ಬರೆದಿಡುತ್ತಾರೆ. ಹೊರಗೆ ತೆಗೆದಾಗ ಒಂದು ಚುಕ್ಕೆ ಕಡಿಮೆಯಾದರೂ ಗುರುತು ತಾಳೆಯಾಗುವುದಿಲ್ಲ.

"ನಾವು ಪುಸ್ತಕದ ಒಳಗಿನ ಯಾವುದೋ ಪುಟಕ್ಕೂ ಒಂದು ಗುಟ್ಟಿನ ಮೊಹರು ಒತ್ತುತ್ತಿದ್ವಿ," ಎಂದೆ. "ರಟ್ಟು ಬದಲಾಯಿಸಿದ್ರೂ ಕಳ್ಳ ಸಿಗ್ತಿದ್ದ."

"ಅದೇ ಆಂಟಿ. ಅದೇ."

ಎರರ್ ತೋರಿಸುವುದನ್ನೂ ಮತ್ತೆ ಆನ್ ಮಾಡಿದ್ದಾಳೆ. ದಿನವಿಡೀ ಕೆಂಪು ಅಕ್ಷರ ಬರುತ್ತಿದೆಯಂತೆ. ಸಾಹೇಬರಿಗೆ ತಲೆನೋವು. ನನಗೆ ಎಂಥ ನೆಮ್ಮದಿ!

ಮಾರ್ಚ್ 27, ಗುರುವಾರ. ಬೆಳಿಗ್ಗೆ

ನಗರಸಭೆಯವರು ಕಟಿಂಗ್ ಮಶೀನು ತಂದಿದ್ದಾರೆ. ಕಿಟಕಿಯಿಂದ ಕಾಣುತ್ತಿದೆ. ಕಿಡಿ ಹಾರುತ್ತಿದೆ. ಬೀದಿಯ ಅರ್ಧ ಜನ ಅಲ್ಲೇ ಇದ್ದಾರೆ, ಪ್ರತಿಯೊಬ್ಬರೂ ಸಲಹೆ ಕೊಡುತ್ತಿದ್ದಾರೆ.

ತಂಗಿ ಕಾಫಿಯನ್ನೂ ಕುಡಿಯದೆ ಹಿತ್ತಲಲ್ಲಿ ಗಾಡಿ ಒರೆಸಿ, ಹೆಲ್ಮೆಟ್ ಹಾಕಿಕೊಂಡು ಕೂತಿದ್ದಾಳೆ. ಅಂಗಡಿ ಇರುವುದು ಕೂಗಿದರೆ ಕೇಳುವಷ್ಟು ದೂರ. ಹೆಲ್ಮೆಟ್ ಯಾಕೆ ಎಂದು ಕೇಳಿದೆ. "ಸುಮ್ನಿರಕ್ಕಾ. ಇಷ್ಟು ದಿನ ಹಾಕಿರ್ಲಿಲ್ಲ."

ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಲಿಲ್ಲ. ಎರಡನೇ ಸಲಕ್ಕೂ ಆಗಲಿಲ್ಲ. ಬ್ಯಾಟರಿ ಕೂತಿರಬೇಕು... ಇಲ್ಲ, ಆಯಿತು! ಗೇಟಿನ ಒಂದು ಬಾಗಿಲು ಬಿತ್ತು. ಯಾರೋ ಶಿಳ್ಳೆ ಹೊಡೆದರು. ಸರ್ವರ್‌ಡೌನ್ ಸಾಹೇಬರೂ ಬಂದಿದ್ದಾರೆ, ಕೊಡೆ ಹಿಡಿದು, ಮಳೆಯಿಲ್ಲದೆ —

"ಅಕ್ಕಾ! ಬರೋದಿದ್ರೆ ಈಗ ಬಾ. ಹಿಂದಿನ ಸೀಟು ಖಾಲಿ ಇದೆ. ಬರೆಯೋದು ಆಮೇಲೆ ಇದ್ದೇ ಇದೆ."

ಬಂದೆ. ಇದೊಂದು ವಾಕ್ಯ ಮುಗಿಸಿ