ತವರಿಗೆ ಹೋದವರು

ಹಾಸನ
೧೬ ಸೆಪ್ಟೆಂಬರ್ ೧೯೯೯

ಪ್ರೀತಿಯ ಅಮ್ಮಾ,

ಗೌತಮಿಯ ನಮಸ್ಕಾರ. ನಿನ್ನ ಮಂಡಿನೋವು ಹೇಗಿದೆ? ಶರ್ವಾಣಿ ಅಕ್ಕ ಲೇಹ್ಯ ತಿನ್ನಲು ಈಗಲೂ ಮುಖ ಸಿಂಡರಿಸುತ್ತಾಳೆಯೇ? ಅಕ್ಕ ಹೆರಿಗೆಗೆ ಬಂದು ಹೊಳೆನರಸೀಪುರದ ಮನೆ ತುಂಬಿರುವಾಗ ನಾನು ಹೋದ ಭಾನುವಾರ ಬರಲಿಲ್ಲವೆಂದು ನೀನು ಮುನಿಸಿಕೊಂಡಿರುತ್ತೀಯ. ಇಲ್ಲಿನ ಬಸ್ ನಿಲ್ದಾಣದವರೆಗೂ ಹೋಗಿದ್ದೆ. ಅಕ್ಕನ ಮಗುವನ್ನು ಎತ್ತಿಕೊಳ್ಳುವ ಧೈರ್ಯ ಬರಲಿಲ್ಲ, ವಾಪಸ್ಸು ರೂಮಿಗೆ ಬಂದೆ.

ನನ್ನ ಕೆಲಸವನ್ನು ನೀನು ಎಲ್ಲರಿಗೂ ಜನಗಣತಿ ಎಂದೇ ಹೇಳಿಕೊಂಡು ಬಂದಿದ್ದೀಯ. ಅದು ಸಂಶೋಧನೆ. ಅರಕಲಗೂಡು ತಾಲ್ಲೂಕಿನ ಬಸುರಿಯರನ್ನು ತಿಂಗಳಿಗೊಮ್ಮೆ ವಿಚಾರಿಸಿ, ಹೆರಿಗೆಯಾದ ಮೇಲೆ ತಾಯಿ ಮಗು ಏನಾದರು ಎಂದು ಫಾರಂ ತುಂಬಬೇಕು. ಯಾವ ಕೇರಿಯ ಹೆಂಗಸರಿಗೆ ಆಸ್ಪತ್ರೆ ಎಟುಕುತ್ತದೆ, ಯಾರಿಗೆ ಎಟುಕುವುದಿಲ್ಲ ಎಂದು ತಿಳಿಯಲೆಂದೇ ಇಷ್ಟೆಲ್ಲ. ಮಲ್ಲಿಪಟ್ಟಣದ ಹತ್ತಿರದ ಕಾಲೋನಿಯಲ್ಲಿ ಮಲ್ಲಿಗಮ್ಮ ಎಂಬವಳಿದ್ದಳು. ಚೊಚ್ಚಲು, ಇಪ್ಪತ್ತು ತುಂಬಿರಲಿಲ್ಲ. ನನ್ನನ್ನು ಕಂಡರೆ ಚಾಪೆ ಹಾಸುತ್ತಿದ್ದಳು. ನಾನು ಹೊತ್ತಾಯಿತೆಂದು ನಿಂತೇ ಬರೆದುಕೊಳ್ಳುತ್ತಿದ್ದೆ. ಜೂನ್‌ನಲ್ಲಿ ಹೋದಾಗ ಅವಳಿರಲಿಲ್ಲ. ಅತ್ತೆ ಸುಬ್ಬಮ್ಮ ಬಾಗಿಲಿಗೆ ಬಂದು "ಓಗ್ಬುಟ್ಲು ಕಣವ್ವ" ಎಂದಳು. ದಿನ ತುಂಬಿದ ಚೊಚ್ಚಲ ಬಸುರಿ ಇನ್ನೆಲ್ಲಿಗೆ ಹೋಗುತ್ತಾಳೆ? ಸರಿ ಎಂದು ಹೇಳಿ, ಬೀದಿಯಲ್ಲೇ ನಿಂತು "ತವರಿಗೆ ಹೋಗಿದ್ದಾರೆ" ಎಂದು ಬರೆದೆ. ಒಳಗೊಂದು ಕೂಸು ಅಳುತ್ತಿತ್ತು. ಯಾರದೆಂದು ಕೇಳಲಿಲ್ಲ, ಬಸ್ಸಿನ ಹೊತ್ತಾಗಿತ್ತು. ಅದೂ ಸುಳ್ಳು ಅಮ್ಮ, ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.

ತವರಿಗೆ ಹೋದವರನ್ನು ಅಲ್ಲೇ ಹುಡುಕಿ ವಿಚಾರಿಸಬೇಕೆಂದು ನಿಯಮವಿದೆ, ಯಾರೂ ಹೋಗುವುದಿಲ್ಲ. ಹೋದ ವಾರ ಬೇರೆ ಕೆಲಸಕ್ಕೆ ಕಟ್ಟಾಯಕ್ಕೆ ಹೋಗಿದ್ದೆ. ತನ್ನ ತವರು ಅದೇ ಎಂದು ಮಲ್ಲಿಗಮ್ಮ ಹೇಳಿದ್ದು ನೆನಪಾಗಿ ಮನೆ ಕೇಳಿಕೊಂಡು ಹೋದೆ. ಅವಳ ತಾಯಿ ನನ್ನ ಮುಖವನ್ನೇ ನೋಡಿದಳು. "ನನ್ ಮಗಳು ಇಲ್ಲಿಗೆಲ್ ಬಂದ್ಲವ್ವ, ಮಣ್ ಮಾಡಿ ಮೂರ್ ತಿಂಗ್ಳಾಯ್ತು" ಎಂದಳು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲವಂತೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದರಂತೆ, ದಾರಿಯಲ್ಲಿ ಟೆಂಪೋದಲ್ಲೇ ಜೀವ ಹೋಯಿತಂತೆ.

ಮಾರನೆಯ ದಿನ ಸುಬ್ಬಮ್ಮನ ಮನೆಗೆ ಹೋಗಿ ಮೊದಲ ಸಲ ಒಳಗೆ ಕೂತೆ. ಆಕೆ ಮೊಮ್ಮಗಳಿಗೆ ಹಸುವಿನ ಹಾಲು ಕುಡಿಸುತ್ತಿದ್ದಳು. ಬೈದಿದ್ದರೆ ಎಷ್ಟೋ ಮೇಲಾಗಿತ್ತು. "ಅವತ್ತೇ ಯೋಳಿದ್ನಲ್ಲವ್ವ ಓಗ್ಬುಟ್ಲು ಅಂತ. ನೀನು ಸರಿ ಅಂದ್ಬುಟ್ಟು ಬರ್ಕಂಡ್ ಓದೆ" ಎಂದಳು, ಅಷ್ಟೇ. ಸೊಸೆ ಸತ್ತ ಸುದ್ದಿ ಕೇಳಿ ಸರಿ ಎಂದು ಹೋದವಳೆಂದು ಆಕೆ ನನ್ನನ್ನು ಮೂರು ತಿಂಗಳಿಂದ ತಿಳಿದಿದ್ದಾಳೆ.

ವರದಿ ಅಚ್ಚಿಗೆ ಹೋಗುವುದರಲ್ಲಿದೆ. ನಾನು ನೋಡಿಕೊಂಡ ಕಾಲೋನಿಗಳಲ್ಲಿ ಹೆರಿಗೆಯಿಂದ ಸತ್ತವರು ಯಾರೂ ಇಲ್ಲ ಎಂದು ಅದರಲ್ಲಿದೆ. ಯಾರೂ ಸಾಯದ ಕಡೆಗೆ ವ್ಯಾನು ಯಾಕೆ, ಡಾಕ್ಟರು ಯಾಕೆ ಎಂದು ನಾಳೆ ಯಾರಾದರೂ ಕೇಳಿದರೆ ನನ್ನ ಬರಹವೇ ಸಾಕ್ಷಿ. ಹಳೆಯ ಫಾರಂಗಳನ್ನು ತೆಗೆದು ನೋಡಿದೆ. ತವರಿಗೆ ಎಂದು ಬರೆದು, ಆಮೇಲೆ ಏನೆಂದೂ ಕೇಳದೆ ನಾನು ಬಿಟ್ಟ ಹೆಂಗಸರು ಹನ್ನೊಂದು ಜನ. ಅಷ್ಟೂ ಜನ ಕಾಲೋನಿಯವರು. ಉಳಿದ ಕೇರಿಗಳಲ್ಲಿ ನಾನು ನಡುಮನೆಯಲ್ಲಿ ಕೂತು, ಕಾಫಿ ಕುಡಿದು, ಮಗು ಯಾರ ಹೋಲಿಕೆ ಎಂದು ಸಹ ವಿಚಾರಿಸಿದ್ದೇನೆ.

ಮೇಲ್ವಿಚಾರಕರು ಪರಮಶಿವಯ್ಯನವರು, ಕೆಟ್ಟವರಲ್ಲ. "ತಪ್ಪಾಯ್ತು ಅಂತ ಬರ್ಕೊಟ್ರೆ ಎಲ್ಲಾ ಫಾರಂ ಮತ್ತೆ ನೋಡ್ಬೋದು ಕಣಮ್ಮ. ಆದ್ರೆ ಕಾರಣ ಬರೀಬೇಕಾಗ್ತದೆ. ಆಮೇಲೆ ನಿನ್ ಕೆಲ್ಸ ಉಳಿಯಲ್ಲ" ಎಂದರು. ನಾಳೆಯವರೆಗೆ ಯೋಚನೆ ಮಾಡಲು ಹೇಳಿದ್ದಾರೆ.

ಅಕ್ಕನಿಗೆ ತಲೆಸುತ್ತು ಬಂದರೆ ದೃಷ್ಟಿ ತೆಗೆಯುತ್ತಾ ಕೂರಬೇಡ, ಡಾಕ್ಟರಿಗೆ ತೋರಿಸು. ಅಪ್ಪಾಜಿಗೆ ನಮಸ್ಕಾರ ತಿಳಿಸು. ಕೂಸಿಗೆ ಚಿಕ್ಕಮ್ಮನ ಮುದ್ದು.

ನಿನ್ನ ಮಗಳು,
ಗೌತಮಿ

ತಾ.ಕ.: ಶುಕ್ರವಾರ ಸಂಜೆ. ಕಾಗದ ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಇವತ್ತು ಬೆಳಿಗ್ಗೆ ಬರೆದುಕೊಟ್ಟೆ. "ಜಾತಿ ನೋಡಿ ಮನೆಯೊಳಗೆ ಹೋಗಲಿಲ್ಲ" ಎಂದೇ ಬರೆದಿದ್ದೇನೆ. ಹೊರಗೇ ನಿಂತು ಕೇಳಿಕೊಂಡು ಬಾ ಎಂದು ನೀನು ಹೇಳಿ ಕಳಿಸುತ್ತಿದ್ದುದನ್ನು ಬರೆದಿಲ್ಲ. ನಿಂತ ಕಾಲು ನನ್ನವೇ. ಮಧ್ಯಾಹ್ನ ಆ ಹನ್ನೊಂದು ಮನೆಗಳಲ್ಲಿ ಎರಡನೆಯದಕ್ಕೆ ಹೋಗಿ ಒಳಗೆ ಕೂತು ಕೇಳಿದೆ. ಆ ಹುಡುಗಿಯೂ ಹೆರಿಗೆಯಲ್ಲಿ ತೀರಿಕೊಂಡಿದ್ದಾಳೆ ಅಮ್ಮ. ಇನ್ನೂ ಒಂಬತ್ತು ಮನೆಗಳಿವೆ.